ಪರ್ಮ್ಯಾಂಗನೇಟೆಂಬ ನೇರಳೆ ಲವಣ

ಶೆಟ್ಟಿಕೆರೆಯಿಂದ ಸೋದರಿಯೊಬ್ಬರು ನಮಗೆ ಬರೆದಿರುವರು. ಅಟ್ಟವನ್ನು ಗುಡಿಸುವಾಗ ಅವರ ಮಾವನವರ ಕಾಲದ ಸೀಸೆಯೊಂದು ದೊರೆಯಿತಂತೆ. ಒಳಗೆ ಕಪ್ಪು ನೇರಳೆಯ ಹರಳುಗಳು, ಮೇಲೆ ‘ಪೊಟ್ಯಾಸಿಯಂ ಪರ್ಮ್ಯಾಂಗನೇಟ್’ ಎಂಬ ಚೀಟಿ. ಹಿಂದೆ ಇದನ್ನು ಬಾವಿಗೆ ಹಾಕುತ್ತಿದ್ದರೆಂದೂ, ತೋಟದಲ್ಲಿ ಹಾವು ಕಚ್ಚಿದರೆ ಗಾಯಕ್ಕೆ ತಿಕ್ಕುತ್ತಿದ್ದರೆಂದೂ ಅತ್ತೆಯವರು ಹೇಳುವರಂತೆ. ಅಷ್ಟರಲ್ಲಿ ಚಿಕ್ಕ ಮಗನು ಹರಳನ್ನು ಒದ್ದೆಗೈಯಲ್ಲಿ ಮುಟ್ಟಿ ಬೆರಳೆಲ್ಲ ಕಂದಾಗಿದೆ. ಈ ಹೆಸರಿಗೆ ಅರ್ಥವೇನು, ಸೀಸೆಯನ್ನು ಮನೆಯಲ್ಲಿಡಬಹುದೇ ಎಂಬುದು ಅವರ ಪ್ರಶ್ನೆ.

ಹೆಸರಿನ ನಡುವೆ ಅಡಗಿರುವುದು ಮ್ಯಾಂಗನೀಸ್ ಎಂಬ ಲೋಹ. ೧೭೭೪ರಲ್ಲಿ ಸ್ವೀಡನ್ನಿನ ಗಾನ್ ಎಂಬವನು ಇದನ್ನು ಅದಿರಿನಿಂದ ಬೇರ್ಪಡಿಸಿದನು. ಆ ಅದಿರಿಗಾಗಿ ಸ್ವೀಡನ್ನಿಗೆ ಹೋಗಬೇಕಾಗಿಲ್ಲ; ಚಿಕ್ಕನಾಯಕನಹಳ್ಳಿ ಸೀಮೆಯ ಗುಡ್ಡಗಳಲ್ಲಿಯೇ ಅದುಂಟು. ಕೊನೆಯ ‘ಏಟ್’ ಎಂಬುದು ಆಮ್ಲಜನಕವನ್ನೊಳಗೊಂಡ ಲವಣದ ಗುರುತು. ಲವಣವೆಂದೊಡನೆ ಅಡಿಗೆಯ ಉಪ್ಪನ್ನು ನೆನೆಯಬಾರದು. ರಸಾಯನಶಾಸ್ತ್ರದಲ್ಲಿ ಅದು ದೊಡ್ಡದೊಂದು ಕುಲದ ಹೆಸರು.

ಮೊದಲಿನ ‘ಪರ್’ ಎಂಬುದೇ ಸ್ವಾರಸ್ಯವಾದುದು. ಆಮ್ಲಜನಕ ಹೆಚ್ಚೆಂದು ಇದಕ್ಕೆ ಅರ್ಥಮಾಡುವವರುಂಟು. ಆದರೆ ಹಸುರು ಬಣ್ಣದ ಮ್ಯಾಂಗನೇಟಿನಲ್ಲಿಯೂ ನೇರಳೆಯ ಪರ್ಮ್ಯಾಂಗನೇಟಿನಲ್ಲಿಯೂ ಒಂದೊಂದು ಮ್ಯಾಂಗನೀಸಿಗೆ ನಾಲ್ಕು ನಾಲ್ಕೇ ಆಮ್ಲಜನಕ. ವ್ಯತ್ಯಾಸವಿರುವುದು ಲೋಹವು ಏರಿದ ಮೆಟ್ಟಿಲಿನಲ್ಲಿ. ಗುಡ್ಡದ ಕರಿಯ ಅದಿರಿನಲ್ಲಿ ಸಾಮಾನ್ಯವಾಗಿ ಅದು ನಾಲ್ಕನೆಯ ಮೆಟ್ಟಿಲಿನಲ್ಲಿರುವುದು. ಕ್ಷಾರದೊಡನೆ ಗಾಳಿಯಲ್ಲಿ ಕಾಯಿಸಿದರೆ ಆರಕ್ಕೇರಿ ಹಸುರಾಗುವುದು. ಇನ್ನೊಂದು ಏರಿದರೆ ನೇರಳೆ. ಏಳಕ್ಕಿಂತ ಮೇಲೆ ಮ್ಯಾಂಗನೀಸಿಗೆ ಮೆಟ್ಟಿಲಿಲ್ಲ. ಅಷ್ಟು ಎತ್ತರದಲ್ಲಿ ನಿಂತದ್ದು ಇಳಿಯಲು ಹವಣಿಸುತ್ತಲೇ ಇರುವುದು. ಇಳಿಯುವಾಗ ಎದುರಿಗೆ ಸಿಕ್ಕ ಕೊಳೆ, ಕ್ರಿಮಿ, ಚರ್ಮ, ಬಟ್ಟೆ ಯಾವುದನ್ನಾದರೂ ಉತ್ಕರ್ಷಿಸುವುದು, ಎಂದರೆ ಬೆಂಕಿಯಿಲ್ಲದೆಯೇ ಸುಡುವುದು. ಆದುದರಿಂದ ಇಂಥವಕ್ಕೆ ಉತ್ಕರ್ಷಣಕಾರಿ ಲವಣಗಳೆಂದು ಹೆಸರು.

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಆಗ್ರಾದಲ್ಲಿದ್ದ ಹ್ಯಾಂಕಿನ್ ಎಂಬ ವಿಜ್ಞಾನಿಯು ಕಾಲರಾ ತಡೆಯಲು ಬಾವಿಗಳಿಗೆ ಇದನ್ನು ಹಾಕಿಸಿದನು. ಕಾಲರಾ ಕ್ರಿಮಿಯನ್ನು ಇದು ಕೊಲ್ಲಬಲ್ಲದು. ಇತರ ಕ್ರಿಮಿಗಳ ಮೇಲೆ ಇದನ್ನು ನಂಬುವಂತಿಲ್ಲ, ನೀರಿನ ಬಣ್ಣ ರುಚಿಗಳೂ ಕೆಡುವುವು. ಈಗ ಬಾವಿಗೆ ಬ್ಲೀಚಿಂಗ್ ಪುಡಿಯೇ ತಕ್ಕದ್ದು. ಒಳ್ಳೆಯ ಪುಡಿಯಾದರೆ ೧೦೦೦ ಲೀಟರು ನೀರಿಗೆ ಸುಮಾರು ೨.೫ ಗ್ರಾಮು ಸಾಕು. ಹಾಕಿದ ಮೇಲೆ ಒಂದು ಗಂಟೆಯಾದರೂ ನೀರು ಸೇದಬಾರದು.

ಹಾವಿನ ವಿಷಯದಲ್ಲಿ ನಾವು ಖಂಡಿತವಾಗಿ ಹೇಳಬೇಕಾಗಿದೆ. ೧೮೮೧ರಲ್ಲಿ ಬ್ರೆಜಿಲ್ ದೇಶದ ಲಾಸರ್ಡಾ ಎಂಬವರು ಇದನ್ನು ವಿಷಹರವೆಂದು ಸಾರಿದರು. ಮುಂದೆ ಒಂದು ತುದಿಗೆ ಚಾಕು, ಇನ್ನೊಂದು ತುದಿಗೆ ಹರಳುಗಳಿದ್ದ ಚಿಕ್ಕ ಕೊಳವೆಗಳು ನಮ್ಮ ದೇಶದಲ್ಲಿಯೂ ಬಳಕೆಗೆ ಬಂದುವು. ಬಟ್ಟಲಿನಲ್ಲಿ ಬೆರೆಸಿದರೆ ವಿಷವು ಕೆಡುವುದು ನಿಜ. ಮೈಯೊಳಗೆ ಹಾಗಲ್ಲ, ಹರಳು ಮೊದಲು ಸುಡುವುದು ಗಾಯದ ಮಾಂಸವನ್ನು, ವಿಷವಾದರೋ ಅಷ್ಟರಲ್ಲಿ ಮುಂದೆ ಹೋಗಿರುವುದು. ಕುಯ್ಯಬಾರದು, ತಿಕ್ಕಬಾರದು, ಬಿಗಿಯಾಗಿ ಕಟ್ಟಬಾರದು. ಕಚ್ಚಿಸಿಕೊಂಡವರನ್ನು ನಡೆಸದೆ, ಆ ಕೈಕಾಲನ್ನು ಅಲುಗಿಸದೆ, ಪ್ರತಿವಿಷದ ಚುಚ್ಚುಮದ್ದಿರುವ ಆಸ್ಪತ್ರೆಗೆ ಒಡನೆಯೇ ಸಾಗಿಸತಕ್ಕದ್ದು. ಅತ್ತೆಯವರ ಮಾತಿಗೆ ಎದುರಾಡಿದಂತಾಗುವುದೆಂದು ಸೋದರಿಯು ಸಂಕೋಚಪಡಬೇಕಾಗಿಲ್ಲ. ಅವರ ಕಾಲದ ವೈದ್ಯರೇ ಹಾಗೆ ಹೇಳಿದ್ದರು.

ಇನ್ನು ಸೀಸೆಯ ಮಾತು. ಕೆಲವು ಚರ್ಮರೋಗಗಳಿಗೆ ವೈದ್ಯರು ಇದರ ತೀರ ತಿಳಿಯಾದ ದ್ರಾವಣವನ್ನು ಇಂದಿಗೂ ಹೇಳುವರು. ಅದನ್ನು ಅವರು ಹೇಳಿದ ಅಳತೆಯಲ್ಲಿಯೇ ಬಳಸಬೇಕು. ಹರಳನ್ನು ನುಂಗಿದರೆ ಬಾಯಿ ಗಂಟಲುಗಳು ಸುಡುವುವು, ಪ್ರಾಣಕ್ಕೂ ಅಪಾಯ. ತೆಂಗಿನ ಸೀಮೆಯವರಿಗೆ ಮತ್ತೊಂದು ಎಚ್ಚರಿಕೆ: ಕೊಬ್ಬರಿಯೆಣ್ಣೆಯಿಂದ ಸಾಬೂನು ಮಾಡುವಾಗ ಹುಟ್ಟುವ ಗ್ಲಿಸರಿನ್ ಈ ಹರಳಿನ ಮೇಲೆ ಬಿದ್ದರೆ, ಕಡ್ಡಿ ಗೀರದೆಯೇ ಸ್ವಲ್ಪ ಹೊತ್ತಿಗೆ ಉರಿಯೇಳುವುದು. ನಾರು ಕರಟಗಳನ್ನು ರಾಶಿಹಾಕಿದ ಅಟ್ಟವು ಇದಕ್ಕೆ ಸ್ಥಳವಲ್ಲ. ಮಕ್ಕಳ ಕೈಗೆಟುಕದಂತೆ ಬೀಗದೊಳಗಿಟ್ಟು, ಹತ್ತಿರದ ಕಾಲೇಜಿನ ರಸಾಯನಶಾಸ್ತ್ರದ ಅಧ್ಯಾಪಕರನ್ನು ವಿಚಾರಿಸಿ ಅವರಿಗೊಪ್ಪಿಸುವುದು ಮೇಲು.

ಮಗುವಿನ ಬೆರಳಿಗೆ ಉರಿಯಾಗಲಿ ಗಾಯವಾಗಲಿ ಇಲ್ಲದಿದ್ದರೆ ಚೆನ್ನಾಗಿ ನೀರಿನಲ್ಲಿ ತೊಳೆದು ನಿಂಬೆಯ ಹೋಳಿನಿಂದ ಮೆಲ್ಲಗೆ ಉಜ್ಜಬಹುದು. ಕಲೆ ಉಳಿದರೂ ಕೆಲವು ದಿನಗಳಲ್ಲಿ ತಾನಾಗಿ ಹೋಗುವುದು. ಆ ಕಂದುಬಣ್ಣವು ಮತ್ತೇನೂ ಅಲ್ಲ, ಏಳನೆಯ ಮೆಟ್ಟಿಲಿನಿಂದ ನಾಲ್ಕಕ್ಕೆ ಇಳಿದ ಮ್ಯಾಂಗನೀಸು. ಚಿಕ್ಕನಾಯಕನಹಳ್ಳಿಯ ಗುಡ್ಡದ ಕಲ್ಲಿನಲ್ಲಿರುವುದೂ ಅದೇ.