ಗಾಯರಾಣ ಮೇಯಿಸಿದವರು ಯಾರು, ದಂಡ ಕಟ್ಟುವವರು ಯಾರು?

ನಾನು ಏಳನೇ ಇಯತ್ತೆ ತನಕ ಕಲಿತವ. ಜತ್ತ ತಾಲೂಕಿನಾಗ ನಾಕು ಎಕರೆ ಮಡ್ಡಿ ಹೊಲ, ಗೀಗೀ ಪದಕ್ಕ ಒಂದು ದಪ್ಪು, ಇಷ್ಟೇ ನನ್ನ ಆಸ್ತಿ. ಜಗತ್ತಿನ ಹವಾಮಾನದ ಬಗ್ಗೆ ಇವನೇನು ಬರೀತಾನ ಅಂತ ಕೇಳಬಹುದು. ಅದರ ಪೆಟ್ಟು ತಿನ್ನಲಿಕ್ಕೆ ಪದವಿ ಬೇಕಾಗಲಿಲ್ಲ, ಮಾತಾಡಲಿಕ್ಕೂ ಬೇಕಿಲ್ಲ.

ಹಿಂದೊಮ್ಮೆ ನಮ್ಮೂರ ಸಭಾಕ್ಕ ಒಬ್ಬ ಸಾಹೇಬರು ಬಂದಿದ್ದರು. ಭೂಮಿ ಕಾಯಾಕತ್ತೈತಿ, ಒಲಿಗೆ ಕುಳ್ಳು ಹಚ್ಚಬ್ಯಾಡ್ರಿ, ದನ ಕಡಿಮಿ ಮಾಡ್ರಿ, ದೀಪ ಆರಿಸ್ರಿ ಅಂತ ಒಂದು ತಾಸು ಹೇಳಿದರು. ಹೊರಗ ಅವರ ಕಾರು ಏಸಿ ಹಚ್ಚಿಕೊಂಡು ಗುರ್ ಅಂತ ನಿಂತೇ ಇತ್ತು. ನನ್ನ ಬಾಜೂಕ ಕೂತಿದ್ದ ಮುದುಕಿ, "ಯಪ್ಪಾ, ನನ್ನ ಮನ್ಯಾಗ ಇರೋದು ಒಂದ ಬಲ್ಬು. ನಾ ಏನ ಆರಿಸಲಿ?" ಅಂದಳು. ಮಂದಿ ನಕ್ಕರು. ನನಗ ನಗು ಬರಲಿಲ್ಲ.

ಒಲಿ ಹೊಗಿ ಆಕಿ ಕಣ್ಣಿಗೆ, ಎದಿಗೆ ಕೆಟ್ಟದ್ದು. ಆಕಿಗೆ ಗ್ಯಾಸು ಸಿಗಬೇಕು, ಅದು ಖರೆ. ಆದರೆ ಭೂಮಿ ಕಾಯಿಸಿದ ಆರೋಪ ಆಕಿ ಮ್ಯಾಲೆ ಹೊರಿಸೋದು ಅನ್ಯಾಯ.

ನಮಗ ತಿಳಿಯೋ ಮಾತಿನಾಗ ಹೇಳತೀನಿ. ಆಕಾಶ ಅಂದ್ರ ಊರ ಗಾಯರಾಣ ಇದ್ದಂಗ. ಎಲ್ಲರದೂ ಹೌದು, ಒಬ್ಬರದೇ ಅಲ್ಲ. ನಾಕು ಮನಿ ಗೌಡರು ನೂರೈವತ್ತು ವರ್ಷ ಸಾವಿರ ದನ ಬಿಟ್ಟು ಹುಲ್ಲು ಬೇರುಸಹಿತ ಮೇಯಿಸಿದರು. ಆ ಹೈನದಿಂದ ಮಾಳಿಗಿ ಕಟ್ಟಿದರು. ಈಗ ನೆಲ ಬೋಳಾದ ಮ್ಯಾಲೆ ಪಂಚಾಯ್ತಿ ಕರೆದು, "ಗಾಯರಾಣ ಉಳಿಸಬೇಕು, ಇವತ್ತಿನಿಂದ ಎಲ್ಲರೂ ಸಮ, ಎಲ್ಲರೂ ದನ ಕಡಿಮಿ ಮಾಡ್ರಿ" ಅಂತಾರ. ಒಂದು ಆಡು ಕಟ್ಟಿಕೊಂಡವಗೂ ಅದೇ ಕಾನೂನು. ಇದು ಸಮಾನತೆಯೇನ್ರಿ?

ಲೆಕ್ಕ ನೋಡ್ರಿ. ಜಗತ್ತಿನ ನೂರು ಮಂದಿಯಾಗ ಅಮೆರಿಕಾದವರು ಸುಮಾರು 4. ಆದರೆ ಇಲ್ಲಿತನಕ ಕಲ್ಲಿದ್ದಲು, ಎಣ್ಣಿ ಸುಟ್ಟು ಮ್ಯಾಲೆ ಬಿಟ್ಟ ಇಂಗಾಲದಾಗ ಅವರ ಪಾಲು ನೂರಕ್ಕ ಸುಮಾರು 25. ನಾವು ಭಾರತದವರು ನೂರರಾಗ 17ಕ್ಕಿಂತ ಹೆಚ್ಚು ಇದ್ದೇವಿ, ನಮ್ಮ ಪಾಲು ಸುಮಾರು 4. ಇವತ್ತಿನ ಹೊಗಿಯಾಗ ಚೀನಾ ಮೊದಲು, ಅಮೆರಿಕಾ ಎರಡು, ಭಾರತ ಮೂರು ಅಂತ ಹೇಳತಾರ. ಸುಳ್ಳಲ್ಲ. ಆದರೆ ತಲಿಗೆ ಹಂಚಿ ನೋಡ್ರಿ: ವರ್ಷಕ್ಕ ಅಲ್ಲಿಯ ಒಬ್ಬನಿಗೆ ಸುಮಾರು 14 ಟನ್, ನಮ್ಮವನಿಗೆ 2 ಟನ್.

ಈ ನ್ಯಾಯ ನಾ ಹುಟ್ಟಿಸಿದ್ದಲ್ಲ. 1992ರಾಗ ರಿಯೊ ಊರಿನಾಗ ಎಲ್ಲಾ ದೇಶಗಳೂ ಕೂಡಿ ಒಪ್ಪಿದ್ದು: ಹೊಣೆ ಎಲ್ಲರದೂ ಹೌದು, ಆದರೆ ಎಲ್ಲರ ಪಾಲೂ ಒಂದೇ ಅಲ್ಲ. ಒಪ್ಪಿದ ಮ್ಯಾಲೆ ಏನಾತು? 1997ರ ಕ್ಯೋಟೊ ಒಪ್ಪಂದಕ್ಕ ಅಮೆರಿಕಾ ಸಹಿ ಹಾಕಿತು, ಪಾರ್ಲಿಮೆಂಟಿನ ಒಪ್ಪಿಗಿ ಕೊಡಲೇ ಇಲ್ಲ. 2015ರ ಪ್ಯಾರಿಸ್ ಒಪ್ಪಂದಕ್ಕ ಸೇರಿತು, 2020ರಾಗ ಬಿಟ್ಟಿತು, 2021ರಾಗ ಮತ್ತ ಬಂತು, 2025ರಾಗ ಮತ್ತ ಬಿಡತೀನಿ ಅಂತ ಸಾರಿತು. ನಾವು ಹರದೇಶಿ-ನಾಗೇಶಿಯವರು ರಾತ್ರಿಯೆಲ್ಲಾ ಸವಾಲು-ಜವಾಬು ಹಾಡಿ ಜಗಳಾಡತೀವಿ, ಆದರೆ ಬೆಳಗ್ಗೆ ಮಂಗಳ ಹಾಡೋ ತನಕ ಯಾರೂ ಏಳೋದಿಲ್ಲ. ನಡುರಾತ್ರಿ ಎದ್ದು ಹೋದ ಮೇಳಕ್ಕ ಮುಂದಿನ ವರ್ಷ ಯಾರೂ ವೀಳ್ಯ ಕೊಡೋದಿಲ್ಲ.

ಇನ್ನು ರೊಕ್ಕದ ಮಾತು. 2020ರ ಹೊತ್ತಿಗೆ ಬಡ ದೇಶಗಳಿಗೆ ವರ್ಷಕ್ಕ 10 ಸಾವಿರ ಕೋಟಿ ಡಾಲರ್ ಕೂಡಿಸಿ ಕೊಡತೀವಿ ಅಂತ ಸಿರಿವಂತ ದೇಶಗಳು 2009ರಾಗ ಕೋಪನ್‌ಹೇಗನ್‌ನಾಗ ಮಾತು ಕೊಟ್ಟವು. ಅವರದೇ ಲೆಕ್ಕದ ಪ್ರಕಾರ ಅದು ಮುಟ್ಟಿದ್ದು 2022ಕ್ಕ. ಅದರಾಗ ಸರಕಾರಗಳ ಕಡೆಯಿಂದ ಬಂದ ರೊಕ್ಕದಾಗ ಮೂರರಾಗ ಎರಡು ಪಾಲು ಸಾಲ! ನನ್ನ ಬಣವಿಗೆ ಬೆಂಕಿ ಬೀಳೋ ಹಂಗ ಮಾಡಿದವನೇ ಬಂದು, "ಅಯ್ಯೋ ಪಾಪ, ತಗೋ, ಬಡ್ಡಿಗೆ ರೊಕ್ಕ ಕೊಡತೀನಿ" ಅಂದಂಗ. 2024ರಾಗ ಬಾಕು ಸಭಾದಾಗ ಬಡ ದೇಶಗಳು ವರ್ಷಕ್ಕ 1 ಲಕ್ಷ 30 ಸಾವಿರ ಕೋಟಿ ಡಾಲರ್ ಕೇಳಿದವು. ಸಿರಿವಂತರು ಒಪ್ಪಿದ್ದು 30 ಸಾವಿರ ಕೋಟಿ, ಅದೂ 2035ರ ಹೊತ್ತಿಗೆ. ಭಾರತದ ಪ್ರತಿನಿಧಿ ಮಾತಾಡೋ ಮೊದಲೇ ಸುತ್ತಿಗಿ ಬಡಿದು ಠರಾವು ಪಾಸು ಅಂದರು.

1972ರ ಬರದಾಗ ನನಗ ಹನ್ನೊಂದೋ ಹನ್ನೆರಡೋ ವಯಸ್ಸು. ಅವ್ವನ ಜೋಡಿ ಖಡಿ ಒಡಿಯಾಕ ಹೋಗಿದ್ದೆ. ಆಗ ಅಮೆರಿಕಾದಿಂದ ಕೆಂಪು ಜೋಳ ಬಂತು, ಮಿಲೋ ಅಂತಿದ್ದರು. ಅದರ ರೊಟ್ಟಿ ತಿಂದು ಬದುಕಿದೆವು. ಆ ಅನ್ನ ನಾ ಮರೆತಿಲ್ಲ. ಆದರೆ ಅದು ದಾನ, ದಾನಕ್ಕ ಕೈ ಒಡ್ಡಬೇಕು. ಈಗ ಕೇಳೋದು ದಾನ ಅಲ್ಲ, ಬಾಕಿ. ಬಾಕಿ ಕೇಳುವವ ತಲಿ ಎತ್ತಿ ಕೇಳತಾನ.

ಇಷ್ಟು ಓದಿ ಭೇಷ್ ಅಂದವರಿಗೆ ಈಗ ಕಹಿ ಮಾತು. ಸಿರಿವಂತ ದೇಶಕ್ಕ ಹಚ್ಚಿದ ನ್ಯಾಯ ನಮ್ಮ ಮನಿಯೊಳಗೂ ಹಚ್ಚಬೇಕು. ನಮ್ಮ 2 ಟನ್ ಅನ್ನೋದು ಸರಾಸರಿ. ಮೂರು ಕಾರು, ಕೋಲಿಗೊಂದು ಏಸಿ ಇಟ್ಟವನ ಹೊಗಿ, ಒಂದು ಬಲ್ಬಿನ ಮುದುಕಿಯ ಬಡತನದ ಹಿಂದ ಅಡಗೈತಿ. ಆಕಿ ಹೆಸರು ಹೇಳಿ ಜಗತ್ತಿನ ಸಭಾದಾಗ ನ್ಯಾಯ ಕೇಳತೀವಿ. ಬಂದ ನ್ಯಾಯ ಆಕಿ ಮನಿ ಮುಟ್ಟತೈತೇನು? ನಮ್ಮ ಕಡೆ ಗುಡ್ಡದ ಮ್ಯಾಲೆ ಗಾಳಿಯಂತ್ರ ತಿರುಗತಾವ, ಕೆಳಗಿನ ರೈತ ಮಧ್ಯರಾತ್ರಿ ಬ್ಯಾಟರಿ ಹಿಡಿದು ಪಂಪು ಚಾಲೂ ಮಾಡಾಕ ಹೋಗತಾನ. ಅವಕಾಳಿ ಮಳಿಗೆ ದ್ರಾಕ್ಷಿ ಉದುರಿದರ ಬಾಗ ಇದ್ದವಗ ಪಂಚನಾಮಿ ಆಗತೈತಿ. ಅದೇ ಬಾಗಿನ ಕೂಲಿ ತಪ್ಪಿದ ಹೆಣಮಗಳ ಹೆಸರು ಯಾವ ಕಾಗದದಾಗೂ ಇಲ್ಲ. ಊರಾಗ ರೊಕ್ಕ ಇದ್ದವ ಎಂಟುನೂರು ಫೂಟು ಬೋರು ಹೊಡಿಸಿದ, ಬಾಜೂಕಿನವನ ಬಾವಿ ಬತ್ತಿತು. ಅವನೂ ಒಂದು ಅಮೆರಿಕಾನೇ ಅಲ್ಲೇನು?

ಗುರುಗಳೇ, ನಿಮಗೊಂದು ವಿನಂತಿ. ಮಕ್ಕಳಿಗೆ ಗಿಡ ಹಚ್ಚಿಸ್ರಿ, ದೀಪ ಆರಿಸಾಕ ಕಲಿಸ್ರಿ, ಒಳ್ಳೇದು. ಆದರೆ ಅಷ್ಟಕ್ಕೇ ನಿಲ್ಲಿಸಬ್ಯಾಡ್ರಿ. ಯಾರು ಎಷ್ಟು ಸುಟ್ಟರು, ಯಾರ ಬೆಳಿ ಒಣಗಿತು, ಯಾರು ಯಾರಿಗೆ ಬಾಕಿ ಅನ್ನೋ ಗಣಿತವನ್ನೂ ಹಲಗಿ ಮ್ಯಾಲೆ ಬರೀರಿ. ಆ ಮುದುಕಿಯ ಮೊಮ್ಮಗ ನಿಮ್ಮ ಸಾಲಿಯಾಗೇ ಕೂತಾನ. ತನ್ನ ಅಜ್ಜಿ ಅಪರಾಧಿ ಅಲ್ಲ ಅನ್ನೋದು ಅವನಿಗೆ ಗೊತ್ತಾಗಬೇಕು. ಮುಂದ ಅವ ಬೋರು ಹೊಡಿಸೋ ದಿನ ಬಂದಾಗ, ಬಾಜೂಕಿನ ಬಾವಿಯ ನೆನಪೂ ಇರಬೇಕು.