ದೋಣಿಯನ್ನೂ ತಟ್ಟಿ ನೋಡಬೇಕು

ಸಂತೆಯಲ್ಲಿ ಮಡಕೆ ಕೊಳ್ಳುವ ಅಜ್ಜಿ ಅದರ ಬಣ್ಣಕ್ಕೆ ಮರುಳಾಗುವುದಿಲ್ಲ. ಬೆರಳಿನಿಂದ ತಟ್ಟಿ, ‘ಠಣ್’ ಎಂದರೆ ಮಾತ್ರ ಹಣ ಕೊಡುತ್ತಾಳೆ. ಹಳೆಯ ಹಾಯಿದೋಣಿ ಕೊಳ್ಳುವವರೂ ಹೀಗೆಯೇ ತಟ್ಟಿ ನೋಡಬೇಕು. ಏಕೆಂದರೆ ಅಲ್ಲಿ ಮೋಸಹೋದರೆ ಹೋಗುವುದು ಹಣ ಮಾತ್ರವಲ್ಲ.

2014ರ ಮೇ ತಿಂಗಳಿನಲ್ಲಿ ‘ಚೀಕಿ ರಫೀಕಿ’ ಎಂಬ ಹಾಯಿದೋಣಿ ಕೆರಿಬಿಯನ್ ದ್ವೀಪವಾದ ಆಂಟಿಗುವಾದಿಂದ ಇಂಗ್ಲೆಂಡಿನ ಸೌತಾಂಪ್ಟನ್‌ಗೆ ಹೊರಟಿತ್ತು. ಅಟ್ಲಾಂಟಿಕ್ ಸಾಗರದಲ್ಲಿ ಅದರ ಕೀಲ್ ಕಳಚಿಹೋಗಿ ದೋಣಿ ಬೋರಲಾಯಿತು. ಅದರಲ್ಲಿದ್ದ ನಾಲ್ವರೂ ಮರಳಲಿಲ್ಲ.

ಕೀಲ್ ಎಂದರೇನು? ದೋಣಿಯ ತಳದಿಂದ ನೀರಿನೊಳಕ್ಕೆ ಚಾಚಿರುವ, ಮೀನಿನ ಈಜುರೆಕ್ಕೆಯಂಥ ಭಾಗ. ಅನೇಕ ದೋಣಿಗಳಲ್ಲಿ ಇದನ್ನು ಸೀಸ ಅಥವಾ ಎರಕದ ಕಬ್ಬಿಣದಿಂದ ಮಾಡಿ, ಬೋಲ್ಟುಗಳಿಂದ ತಳಕ್ಕೆ ಬಿಗಿದಿರುತ್ತಾರೆ. ಈ ಭಾರದಿಂದ ದೋಣಿಯ ಗುರುತ್ವಕೇಂದ್ರ ಕೆಳಗಿಳಿಯುತ್ತದೆ. ಗಾಳಿಗೆ ವಾಲಿದರೂ ಅದು ತಂಜಾವೂರು ಬೊಂಬೆಯಂತೆ ಮತ್ತೆ ನೆಟ್ಟಗಾಗುತ್ತದೆ. ಕೀಲ್ ಹೋಯಿತೆಂದರೆ ಆ ಬಲವೂ ಹೋಯಿತು.

ಆದ್ದರಿಂದ ಕೊಳ್ಳುವ ಮೊದಲು ದೋಣಿಯನ್ನು ನೀರಿನಿಂದ ಮೇಲೆತ್ತಿಸಿ, ಕೀಲ್ ಮತ್ತು ತಳ ಕೂಡುವ ಜಾಗವನ್ನು ನೋಡಬೇಕು. ಅಲ್ಲಿ ಬಿರುಕೋ ತುಕ್ಕಿನ ಕಲೆಯೋ ಕಂಡರೆ ನೀರು ಬೋಲ್ಟುಗಳವರೆಗೆ ತಲುಪಿರಬಹುದು. ಅಡುಗೆಮನೆಯ ಸ್ಟೀಲ್ ಪಾತ್ರೆ ತುಕ್ಕು ಹಿಡಿಯದಿರುವಾಗ ಸ್ಟೀಲ್ ಬೋಲ್ಟ್ ಏಕೆ ಸವೆಯುತ್ತದೆ? ಸ್ಟೀಲನ್ನು ಕಾಯುವುದು ಕ್ರೋಮಿಯಂ ಆಕ್ಸೈಡಿನ ತೆಳುಪೊರೆ. ಅದು ಕಿತ್ತರೆ ಮತ್ತೆ ಬೆಳೆಯಲು ಆಮ್ಲಜನಕ ಬೇಕು. ಗಾಳಿಯಾಡದ ಉಪ್ಪುನೀರಿನ ಸಂದಿಯಲ್ಲಿ ಅದು ಸಿಗುವುದಿಲ್ಲ. ಮೇಲೆ ಬೋಲ್ಟಿನ ತಲೆ ಹೊಳೆಯುತ್ತಿದ್ದರೂ ಒಳಗೆ ಅದು ತೆಳುವಾಗುತ್ತಿರಬಹುದು.

ಎರಡನೆಯದು, ದೋಣಿಯ ಒಳತಳ. ಓಡುವ ದೋಣಿಯ ಕೀಲ್ ಬಂಡೆಗೆ ಬಡಿದಾಗ ಅದರ ಹಿಂಬದಿಯ ಅಂಚು ತಳವನ್ನು ಮೇಲಕ್ಕೆ ಒತ್ತುತ್ತದೆ. ಹಾಗಾಗಿ ಬಿರುಕನ್ನು ಹುಡುಕಬೇಕಾದದ್ದು ಏಟು ಬಿದ್ದ ಕಡೆ ಮಾತ್ರವಲ್ಲ, ಕೀಲಿನ ಹಿಂಭಾಗದಲ್ಲಿಯೂ.

ಮೂರನೆಯದು ಅಜ್ಜಿಯ ಪರೀಕ್ಷೆ. ಫೈಬರ್‌ಗ್ಲಾಸ್ ಮೈಯನ್ನು ಸಣ್ಣ ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತ ಹೋದರೆ ಗಟ್ಟಿ ಜಾಗದಲ್ಲಿ ಸ್ಪಷ್ಟ ದನಿ ಬರುತ್ತದೆ. ಪದರಗಳು ಬಿಟ್ಟುಕೊಂಡ ಕಡೆ ದನಿ ಮಂಕಾಗುತ್ತದೆ. ಮೈಮೇಲೆ ಗುಳ್ಳೆಗಳಿದ್ದರೆ ಅದು ಅಭಿಸರಣೆಯ ಕೆಲಸವಿರಬಹುದು. ಒಣದ್ರಾಕ್ಷಿ ನೀರು ಹೀರಿ ಊದುವಂತೆ, ಹೊರಪದರದ ಮೂಲಕ ನುಸುಳಿದ ನೀರು ಒಳಗೆ ಸೇರಿ ಗುಳ್ಳೆ ಎಬ್ಬಿಸುತ್ತದೆ. ಒಡೆದರೆ ವಿನೆಗರ್‌ನಂಥ ಹುಳಿ ವಾಸನೆ!

‘ಚೀಕಿ ರಫೀಕಿ’ ಹಿಂದೆಯೂ ನೆಲಕ್ಕೆ ತಾಗಿ ದುರಸ್ತಿ ಕಂಡಿತ್ತು. ಆ ಏಟುಗಳೂ ದುರಸ್ತಿಗಳೂ ಸೇರಿ ಕೀಲಿನ ಬೆಸುಗೆಯನ್ನು ದುರ್ಬಲಗೊಳಿಸಿರಬಹುದೆಂದು ಬ್ರಿಟನ್ನಿನ ತನಿಖಾ ವರದಿ 2015ರಲ್ಲಿ ಹೇಳಿತು. ಆದ್ದರಿಂದ ಬೆಲೆ ಕೇಳುವ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ‘ಇದು ಎಂದಾದರೂ ನೆಲಕ್ಕೆ ಬಡಿದಿತ್ತೇ?’ ಉತ್ತರ ಏನೇ ಬರಲಿ, ತಿಳಿದ ಪರೀಕ್ಷಕರಿಂದ ತಟ್ಟಿಸಿ ನೋಡಿದ ಮೇಲೆಯೇ ನಂಬಬೇಕು.