ತಾಂತ್ರಿಕ ಪುಸ್ತಕಗಳ ಕನ್ನಡ: ಓದುಗರ ಹಕ್ಕೊತ್ತಾಯ ಪತ್ರ

ಪ್ರಕಾಶಕರಿಗೆ, ಸಂಪಾದಕರಿಗೆ, ಪಠ್ಯಪುಸ್ತಕ ಸಮಿತಿಗಳಿಗೆ,

ಭಾರತೀಯ ಭಾಷೆಗಳಲ್ಲಿ ಎಂಜಿನಿಯರಿಂಗ್ ಕಲಿಸಲು ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು (ಎಐಸಿಟಿಇ) 2021ರಲ್ಲಿ ಒಪ್ಪಿಗೆ ಕೊಟ್ಟಿತು. ಐಟಿಐ, ಡಿಪ್ಲೊಮಾ ಮಕ್ಕಳ ಕೈಯಲ್ಲಂತೂ ಕನ್ನಡ ಪುಸ್ತಕಗಳು ಈಗಾಗಲೇ ಇವೆ. ಇವರಲ್ಲಿ ಬಹಳ ಮಂದಿಗೆ ಅರ್ಥವಾಗದ್ದನ್ನು ಮನೆಯಲ್ಲಿ ಕೇಳಲು ಯಾರೂ ಇರುವುದಿಲ್ಲ. ಅವರ ಪರವಾಗಿ ಈ ಬೇಡಿಕೆಗಳು.

1. ಒಂದು ಪುಸ್ತಕದಲ್ಲಿ ಒಂದು ವಸ್ತುವಿಗೆ ಒಂದೇ ಹೆಸರಿರಬೇಕು. ಮೊದಲ ಅಧ್ಯಾಯದಲ್ಲಿ ‘ಕಡತ’, ಮೂರನೆಯದರಲ್ಲಿ ‘ಫೈಲ್’, ಅನುಬಂಧದಲ್ಲಿ ‘ದಾಖಲೆ’ ಎಂದರೆ ಕಲಿಯುವವರು ಮೂರು ವಸ್ತುಗಳನ್ನು ಹುಡುಕುತ್ತಾರೆ. ಕಡತವೋ ಫೈಲೋ ಎಂಬ ಜಗಳ ನಮಗೆ ಬೇಡ. ಯಾವುದನ್ನು ಹಿಡಿದರೂ ಕೊನೆಯ ಪುಟದವರೆಗೆ ಹಿಡಿದಿರಿ.

2. ಪದಪಟ್ಟಿ ಬರವಣಿಗೆಗೆ ಮೊದಲೇ ಸಿದ್ಧವಾಗಲಿ. ಹಲವರು ಅಧ್ಯಾಯ ಹಂಚಿಕೊಂಡು ಅನುವಾದಿಸುವ ಪುಸ್ತಕಕ್ಕೆ ಇದು ಕಡ್ಡಾಯ. ಪದಗಳನ್ನು ಹೊಂದಿಸುವ ಹೊರೆಯನ್ನು ಕೊನೆಗೆ ಕರಡು ತಿದ್ದುವವರ ತಲೆಗೆ ಕಟ್ಟಬೇಡಿ.

3. ‘ಬಳಕೆದಾರನು ಪಾಸ್‌ವರ್ಡ್ ನಮೂದಿಸುತ್ತಾನೆ’, ‘ಎಂಜಿನಿಯರನು ಪರೀಕ್ಷಿಸುತ್ತಾನೆ’ ಎಂಬ ವಾಕ್ಯಗಳು ನಿಲ್ಲಬೇಕು. ಇಂಗ್ಲಿಷಿನ ಯೂಸರ್ ಗಂಡೂ ಅಲ್ಲ, ಹೆಣ್ಣೂ ಅಲ್ಲ. ಮೀಸೆ ಅಂಟಿಸಿದವರು ನಾವು. ‘ಅವನು/ಅವಳು’ ಎಂಬ ಓರೆಗೆರೆಯೂ ಬೇಡ. ಓದು ಎಡವುತ್ತದೆ, ಎರಡಕ್ಕೂ ಸೇರದವರು ಹೊರಗೇ ಉಳಿಯುತ್ತಾರೆ. ‘ಬಳಕೆದಾರರು ನಮೂದಿಸುತ್ತಾರೆ’ ಎನ್ನಿ. ಸೂಚನೆಯಾದರೆ ‘ನಮೂದಿಸಿ’ ಸಾಕು. ಸಂಖ್ಯೆ ಮುಖ್ಯವಾದಲ್ಲಿ ‘ಒಬ್ಬರು’ ಎಂದು ಬಿಡಿಸಿ ಬರೆಯಿರಿ. ಎಲೆಕ್ಟ್ರಿಷಿಯನ್ ಟ್ರೇಡ್ ಸೇರಿದ ಹುಡುಗಿಗೆ ಪುಟಪುಟದಲ್ಲೂ ‘ಅವನು’ ಎದುರಾಗಬಾರದು.

4. ‘ಒಡೆಯ–ಗುಲಾಮ’ ಜೋಡಿಯನ್ನು ಕೈಬಿಡಿ. ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯನ್ನು ಬೆಳೆಸುವವರು ಮಾಸ್ಟರ್–ಸ್ಲೇವ್ ಪದಗಳನ್ನು ತೆಗೆಯಲು ಹೊರಟದ್ದು 2018ರಲ್ಲಿ. 2020ರ ಅಕ್ಟೋಬರ್‌ನಿಂದ ಗಿಟ್‌ಹಬ್‌ನ ಹೊಸ ರೆಪೊಸಿಟರಿಗಳಲ್ಲಿ ಮುಖ್ಯ ಶಾಖೆಯ ಹೆಸರಾಗಿ ‘ಮಾಸ್ಟರ್’ ಹೋಗಿ ‘ಮೇನ್’ ಬಂತು. 1976ರಲ್ಲಿ ಕಾಯ್ದೆ ಮಾಡಿ ಜೀತ ರದ್ದುಪಡಿಸಿದ ದೇಶದಲ್ಲಿ ನಾವೇಕೆ ಆ ಪದಗಳನ್ನು ಹೊಸದಾಗಿ ಕನ್ನಡಿಸಬೇಕು? ‘ಮುಖ್ಯ–ಅಧೀನ’ ಸಾಲದೇ? ಹಳೆಯ ಕೋಡ್‌ನೊಳಗಿರುವ ಪದವನ್ನು ಮಾತ್ರ ಮುಟ್ಟಬೇಡಿ, ಪ್ರೋಗ್ರಾಂ ಓಡುವುದಿಲ್ಲ.

5. ಉದಾಹರಣೆಗಳಲ್ಲಿ ರಮೇಶ, ಸುರೇಶರ ಜತೆ ಫಾತಿಮಾ, ದುರುಗವ್ವ, ಮೇರಿಯೂ ಬರಲಿ. ಬರೀ ಗ್ರಾಹಕರಾಗಿ ಅಲ್ಲ. ದುರುಗವ್ವ ಡೇಟಾಬೇಸ್ ನೋಡಿಕೊಳ್ಳಲಿ, ರಮೇಶ ದಿನಸಿ ಪಟ್ಟಿ ಮಾಡಲಿ. ವಿಳಾಸಗಳೆಲ್ಲ ಬೆಂಗಳೂರಿನವೇ ಆಗಬೇಕೆಂದೂ ಇಲ್ಲ.

6. ಪುಸ್ತಕ ಯೂನಿಕೋಡ್‌ನಲ್ಲೇ ಇರಬೇಕು. ಹಳೆಯ ಆಸ್ಕಿ ಫಾಂಟಿನ ಕಡತ ಕಣ್ಣಿಗೆ ಕನ್ನಡ, ಸ್ಕ್ರೀನ್ ರೀಡರ್‌ಗೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಅಂಗವಿಕಲರ ಹಕ್ಕುಗಳ ಕಾಯ್ದೆ ಬಂದದ್ದು 2016ರಲ್ಲಿ, ಇನ್ನೆಷ್ಟು ಕಾಯಬೇಕು? ಚಿತ್ರಗಳಿಗೆ ವಿವರಣೆ ಕೊಡಿ. ‘ಕೆಂಪು ಗುಂಡಿ ಒತ್ತಿ’ ಎಂದಷ್ಟೇ ಬರೆಯದೆ ಗುಂಡಿಯ ಹೆಸರನ್ನೂ ಹೇಳಿ.

7. ಅಂಕಿಗಳಲ್ಲೂ ಒಂದೇ ಪದ್ಧತಿ ಇರಲಿ.

ಈಗಾಗಲೇ ಅಚ್ಚಾದ ಪ್ರತಿಗಳನ್ನು ಹಿಂಪಡೆಯಿರಿ ಎಂದು ನಾವು ಕೇಳುತ್ತಿಲ್ಲ. ಮುಂದಿನ ಮುದ್ರಣಕ್ಕೆ ಮುಂಚೆ ಕರಡನ್ನು ಹತ್ತಿರದ ಐಟಿಐ ವಿದ್ಯಾರ್ಥಿಗಳಿಗೆ ಕೊಟ್ಟು ಓದಿಸಿ. ಅವರು ತಡವರಿಸಿದ ಕಡೆಯೆಲ್ಲ ತಿದ್ದಿ.